ಹದಿನಾರು ಪುಟಕ್ಕೆ ಎಷ್ಟು ಮಡಿಕೆ

“ಎಂಟನೇ ಕ್ಲಾಸಿಗೇ ಚೀಲ ಮೂಲೆಗೆ ಎಸೆದ ಗಿರಾಕಿ, ಇಪ್ಪತ್ತು ವರ್ಷ ಹೈಸ್ಕೂಲಲ್ಲಿ ಲೆಕ್ಕ ಹೇಳಿದ ನಂಗೇ ಪಾಠ ಮಾಡೋಕೆ ಬಂದಿದಾನೆ. ನೋಡ್ರಪ್ಪ, ಕಾಲ ಎಲ್ಲಿಗೆ ಬಂತು!”

ಭಾವ ಹೀಗಂದಾಗ ಅವರ ನಡುಮನೆಯಲ್ಲಿ ನಾಲ್ಕು ಜನ ಇದ್ದರು. ಗೋಡೆಯ ಟೀವಿಯಲ್ಲಿ, ಚೌಕ ಚೌಕವಾಗಿ, ಇನ್ನೂ ಎಂಟು ಜನ. ಯಾವನೋ ಮೈಕ್ ಮುಚ್ಚುವುದನ್ನು ಮರೆತಿದ್ದ. ಅವನ ನಗು ಮನೆ ತುಂಬಾ ಕೇಳಿಸಿತು.

ಕತ್ತರಿ ಹಲ್ಲು ಕಚ್ಚಿಕೊಂಡ. ಕತ್ತರಿ ಎನ್ನುವುದು ಆಟದಲ್ಲಿ ಅವನ ಹೆಸರು. ಹಗಲೆಲ್ಲ ಅವನದು ಛಾಪಖಾನೆಯ ಬೈಂಡಿಂಗ್ ಕೋಣೆ: ಹಾಳೆ ಮಡಿಸು, ದಾರ ಹೊಲಿ, ಅಂಟು ಬಳಿ, ಅಂಚು ಕತ್ತರಿಸು. ಹಾಳಾದ ಹಾಳೆಗಳನ್ನು ಬುತ್ತಿ ಬಿಚ್ಚಿದ ಹೊತ್ತಿನಲ್ಲಿ ಓದುತ್ತಿದ್ದ. ಹಾಗಾಗಿ ಅವನ ತಲೆಯಲ್ಲಿ ಯಾವ ವಿಷಯಕ್ಕೂ ತುದಿಮೊದಲಿರಲಿಲ್ಲ, ಆದರೆ ಎಲ್ಲ ವಿಷಯದ ನಡುವಿನ ಪುಟಗಳೂ ಇದ್ದವು.

ಆಟದ ಹೆಸರು ಕಟ್ಟಳೆ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಆಡುವಂಥದ್ದು. ವಾರಕ್ಕೊಬ್ಬರು ಹೊಸ ನಿಯಮ ಬರೆಯಬೇಕು, ಉಳಿದವರು ಮತ ಹಾಕಬೇಕು. ಹೆಚ್ಚು ಮತ ಬಿದ್ದರೆ ಅದೇ ನಿಯಮ, ಬರೆದವರ ಹೆಸರಿನೊಂದಿಗೆ ನಿಯಮಪುಸ್ತಕ ಸೇರುತ್ತದೆ. ಗೆಲ್ಲುವುದು ಹೇಗೆ ಅನ್ನುವುದನ್ನೂ ಮತ ಹಾಕಿಯೇ ಬದಲಿಸಬಹುದು. ಕತ್ತರಿ ಬರೆದದ್ದು ನಲವತ್ತೊಂದನೇ ನಿಯಮ: ಎರಡು ತಂಡ ಕಟ್ಟಿ ರಸಪ್ರಶ್ನೆ ನಡೆಸಬೇಕು, ಪ್ರಶ್ನೆ ಕೇಳುವವನು ಆ ನಿಯಮ ಬರೆದವನೇ. ಬಂದ ಹನ್ನೊಂದು ಮತವೂ ಅವನ ಪರ. ಜೀವಮಾನದಲ್ಲಿ ಮೊದಲ ಸಲ ಅವನ ಹೆಸರು ಒಂದು ಪುಸ್ತಕದೊಳಗೆ ಬಂದಿತ್ತು.

ಆ ಖುಷಿಗೆ ಅವನು ನಿಯಮಪುಸ್ತಕ ಅಚ್ಚು ಹಾಕಿಸಿ, ಹನ್ನೆರಡು ಪ್ರತಿ ಕೈಯಾರೆ ಹೊಲಿದು, ನೀಲಿ ಬಟ್ಟೆಯ ರಟ್ಟು ಕಟ್ಟಿ ತಂದಿದ್ದ. ಫಲಿತಾಂಶ ಹೇಳಿ ಹಂಚಬೇಕೆಂದು ಚೀಲದಲ್ಲೇ ಇಟ್ಟು, ಚೀಲವನ್ನು ಬಾಗಿಲ ಬಳಿ ಒರಗಿಸಿದ್ದ.

ಐವರೈವರ ಎರಡು ತಂಡ. ಒಂದಕ್ಕೆ ಭಾವನ ಯಜಮಾನಿಕೆ, ಪಕ್ಕದಲ್ಲಿ ಅವರ ಶಾಲೆಯ ವಿಜ್ಞಾನದ ಮೇಷ್ಟ್ರು. ಎದುರು ತಂಡದವರೆಲ್ಲ ಪರದೆಯ ಮೇಲೆ. ಅಂಕ ಬರೆಯುವವಳು ಭಾವನ ಹೆಂಡತಿ, ಕತ್ತರಿಯ ಅಕ್ಕ. ಮೂವತ್ತೊಂಬತ್ತು ಪ್ರಶ್ನೆ ಮುಗಿದಾಗ ಸಮಸಮ. ನಲವತ್ತನೆಯದನ್ನು ಕತ್ತರಿ ತನ್ನ ಬೈಂಡಿಂಗ್ ಕೋಣೆಯಿಂದಲೇ ತಂದಿದ್ದ: ಒಂದು ಹಾಳೆಯಿಂದ ಹದಿನಾರು ಪುಟ ಬರಬೇಕಾದರೆ ಎಷ್ಟು ಸಲ ಮಡಿಸಬೇಕು?

ಎದುರು ತಂಡ ಮೂರು ಎಂದಿತು. ಭಾವ ನಾಲ್ಕು ಎಂದರು. “ಎರಡು, ನಾಲ್ಕು, ಎಂಟು, ಹದಿನಾರು. ನಾಲ್ಕು ಸಲ ದುಪ್ಪಟ್ಟು. ಇದಕ್ಕೂ ಯೋಚನೆ ಬೇಕಾ?”

“ಭಾವ, ಮಡಿಸೋಕೆ ಮುಂಚೇನೇ ಹಾಳೆಗೆ ಎರಡು ಮುಖ ಇರುತ್ತಲ್ಲ. ಆ ಎರಡನ್ನೂ ನೀವು ಒಂದು ಮಡಿಕೆ ಅಂತ ಎಣಿಸಿಬಿಟ್ರಿ,” ಎಂದಿದ್ದ ಕತ್ತರಿ. ಅದಕ್ಕೇ ಭಾವನ ಬಾಯಿಂದ ಆ ಮಾತು ಬಂದದ್ದು.

ಕತ್ತರಿ ಮೇಜಿನ ಮೇಲಿದ್ದ ಒಂದು ಬಿಳಿ ಹಾಳೆ ತೆಗೆದುಕೊಂಡ. ಒಂದು ಮಡಿಕೆ, ಎರಡು, ಮೂರು. ಉಗುರಿನಿಂದ ಅಂಚು ತೀಡಿದ. ಮಡಿಕೆ ಸೀಳಿ ಅಕ್ಕನ ಕೈಗಿಟ್ಟ. “ಎಣಿಸು.”

ಅಕ್ಕ ಪುಟ ತಿರುವಿ ತಿರುವಿ, ಸಣ್ಣ ದನಿಯಲ್ಲಿ ಎಣಿಸಿದಳು. “ಹದಿನೈದು... ಹದಿನಾರು.”

ಭಾವನ ಕಿವಿ ಕೆಂಪಾಯಿತು. ಕನ್ನಡಕ ಒರೆಸಿ ಏರಿಸಿಕೊಂಡು, ಫೋನಿನಲ್ಲಿ ಏನೋ ಹುಡುಕಿ, ಪಾಠ ಓದುವ ಧಾಟಿಯಲ್ಲಿ ಓದಿದರು: “ನಿಯಮ ನಲವತ್ತೊಂದು, ಕೊನೇ ಸಾಲು. ಉತ್ತರದ ಮೇಲೆ ತಕರಾರು ಬಂದರೆ ಮತಕ್ಕೆ ಹಾಕಬೇಕು. ಪ್ರಶ್ನೆ ಕೇಳಿದವನಿಗೆ ಮತ ಇಲ್ಲ. ಅವನ ಉತ್ತರ ಬಿದ್ದುಹೋದರೆ ನಿಯಮದಿಂದ ಅವನ ಹೆಸರು ತೆಗೆದು ತಕರಾರು ಮಾಡಿದವರ ಹೆಸರು ಹಾಕಬೇಕು. ಯಾರಪ್ಪ ಬರೆದಿದ್ದು ಇದು?”

ಬರೆದವನು ಕತ್ತರಿಯೇ. ಓದದವನು ಮೋಸ ಮಾಡುತ್ತಾನೆಂದು ಯಾರೂ ಬೊಟ್ಟು ಮಾಡಬಾರದೆಂದು, ತನ್ನ ಕಾಲ ಮೇಲೆ ತಾನೇ ಹಾಕಿಕೊಂಡ ಕಲ್ಲು.

“ಹಾಳೆ ಕಣ್ಮುಂದೇನೇ ಇದೆಯಲ್ಲ ಭಾವ!”

“ಹಾಳೆಗೆ ಮತ ಇಲ್ಲ ಕಣಪ್ಪ,” ಎಂದರು ವಿಜ್ಞಾನದ ಮೇಷ್ಟ್ರು. ಪರದೆಯಲ್ಲಿ ಮತ್ತೆ ಅದೇ ನಗು.

ಮತ ಬಿತ್ತು. ಮೂರಕ್ಕೆ ಎದುರು ತಂಡದ ಐದು. ನಾಲ್ಕಕ್ಕೆ ಭಾವನ ತಂಡದ ಐದು. ಉಳಿದದ್ದು ಅಕ್ಕ. ಮಡಿಸಿದ ಹಾಳೆ ಇನ್ನೂ ಅವಳ ಕೈಯಲ್ಲೇ ಇತ್ತು.

“ಏನೇ, ಬೇಗ ಹೇಳು. ಎಲ್ಲ ಕಾಯ್ತಿದಾರೆ,” ಎಂದರು ಭಾವ. ಅವರು ನೋಡುತ್ತಿದ್ದದ್ದು ಪರದೆಯನ್ನು, ಅವಳನ್ನಲ್ಲ. ಹೆಂಡತಿ ಯಾವ ಕಡೆ ಬೀಳುತ್ತಾಳೆಂದು ಅವರಿಗೆ ಅನುಮಾನವೇ ಇದ್ದಂತಿರಲಿಲ್ಲ.

ಕತ್ತರಿ ಅಕ್ಕನನ್ನೇ ನೋಡಿದ. ಅವನು ಶಾಲೆ ಬಿಟ್ಟದ್ದು ಅವಳು ಓದು ಮುಗಿಸಲಿ ಎಂದು. ಅದನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ, ಅವಳೂ ಗಂಡನಿಗೆ ಹೇಳಿರಲಿಲ್ಲ. ಈಗಲಾದರೂ ಹೇಳುತ್ತಾಳೇನೋ ಎಂದು ಒಂದು ಗಳಿಗೆ ಕಾದ. ಅದೂ ಬೇಡ, ಹದಿನಾರು ಎಂದು ಎಣಿಸಿದ ಬಾಯಲ್ಲಿ ಮೂರು ಅಂದರೂ ಸಾಕಿತ್ತು.

“ನಾಲ್ಕು,” ಎಂದಳು ಅಕ್ಕ.

ಭಾವನ ತಂಡ ಚಪ್ಪಾಳೆ ತಟ್ಟಿತು. ಭಾವ ಅಲ್ಲೇ ಫೋನಿನಲ್ಲಿ ನಲವತ್ತೊಂದನೇ ನಿಯಮ ತೆರೆದು, ಒಂದು ಹೆಸರು ಅಳಿಸಿ ತಮ್ಮದನ್ನು ಬರೆದರು. ಅರ್ಧ ನಿಮಿಷದ ಕೆಲಸ.

ಕತ್ತರಿ ಎದ್ದು ಬಾಗಿಲ ಬಳಿಯ ಚೀಲ ಹೆಗಲಿಗೇರಿಸಿದ. ಹನ್ನೆರಡು ಪುಸ್ತಕದ ಭಾರ. ಒಳಗೆ ಅಚ್ಚಾಗಿದ್ದ ಹೆಸರನ್ನು ಅಳಿಸಬೇಕಾದರೆ ಹೊಲಿಗೆ ಬಿಚ್ಚಿ ಹಾಳೆಯನ್ನೇ ಕೀಳಬೇಕು.

“ಏಯ್, ಏನದು ಚೀಲದಲ್ಲಿ? ಕೋಪಾನಾ? ಆಟ ಕಣೋ ಇದು!” ಎಂದರು ಭಾವ.

ಅಕ್ಕ ಮೆಟ್ಟಿಲ ತನಕ ಹಿಂದೆ ಬಂದಳು. ಹಾಳೆ ಅವಳ ಮುಷ್ಟಿಯೊಳಗೆ ಮುದ್ದೆಯಾಗಿತ್ತು. “ಊಟ ಮಾಡ್ಕೊಂಡು ಹೋಗೋ. ನಾನು ಈ ಮನೇಲಿ ಬದುಕ್ಬೇಕಲ್ವೇನೋ? ನೀನೇ ಹೇಳು ತಮ್ಮ, ನಾನೇನು ಮಾಡ್ಬೇಕಿತ್ತು?”

ಕತ್ತರಿ ಚಪ್ಪಲಿ ಮೆಟ್ಟಿಕೊಂಡ. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಮೆಟ್ಟಿಲಿಳಿದು, ತಿರುಗಿ ನೋಡದೆ ಬೀದಿಗೆ ನಡೆದ.