ಬೆಂಚಿನ ಮೇಲೆ ಕೂತವರಿಗೂ ತೆರೆಯುತ್ತಿದ್ದ ಫೋಲ್ಡರ್

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಸ್ಕ್ಯಾನರ್ ಮುನಿಸಿಕೊಂಡರೆ ಅರ್ಧ ಕೆಲಸ ನಿಂತ ಹಾಗೆಯೇ. ಗುರುತಿನ ಚೀಟಿ, ವಿಮೆಯ ಕಾಗದ, ರಕ್ತ ಪರೀಕ್ಷೆಯ ವರದಿ ಎಲ್ಲವೂ ಆ ಯಂತ್ರದ ಬಾಯಿಗೆ ಹೋಗಿ, ಔಷಧಿ ಕೋಣೆಯ ಮೇಲಿನ ಹಲಗೆಯಲ್ಲಿ ಕೂತಿರುವ ಕಪ್ಪು ಪೆಟ್ಟಿಗೆಯನ್ನು ಸೇರಬೇಕು. ಆ ಪೆಟ್ಟಿಗೆಗೆ ಸರ್ವರ್ ಅನ್ನುತ್ತಾರೆ. ಕ್ಲಿನಿಕ್ಕಿನ ಎಲ್ಲ ಕಂಪ್ಯೂಟರುಗಳೂ ತಮ್ಮ ಫೈಲುಗಳನ್ನು ಅದರಲ್ಲೇ ಇಡುತ್ತವೆ, ಬೇಕಾದಾಗ ಅದರಿಂದಲೇ ತೆಗೆಯುತ್ತವೆ. ದೊಡ್ಡ ಸಂಸಾರಕ್ಕೆ ಒಂದೇ ಉಗ್ರಾಣ ಇದ್ದ ಹಾಗೆ ಅಂದುಕೊಳ್ಳಿ.

ಆ ಉಗ್ರಾಣಕ್ಕೆ ಬಾಗಿಲು ಇರಲಿಲ್ಲ. ಅದಕ್ಕೂ ಒಂದು ಕಾರಣವಿತ್ತು. ಪೆಟ್ಟಿಗೆ ತಂದು ಕೂರಿಸಿದ ಹೊಸದರಲ್ಲಿ ಸ್ಕ್ಯಾನರ್ ಕಾಗದ ಕೊಟ್ಟಾಗಲೆಲ್ಲ ‘ಅನುಮತಿ ಇಲ್ಲ’ ಎಂದು ಮೊಂಡು ಹಿಡಿಯುತ್ತಿತ್ತು. ಹೊರಗೆ ರೋಗಿಗಳ ಸಾಲು, ಒಳಗೆ ಕೌಂಟರ್ ಅಕ್ಕನ ಪೇಚಾಟ. ಆಗ ಡಾಕ್ಟರಮ್ಮನ ಅಣ್ಣ, ಕ್ಲಿನಿಕ್ಕಿನ ಆಡಳಿತವೆಲ್ಲ ನೋಡಿಕೊಳ್ಳುವ, ಎಲ್ಲರ ಬಾಯಲ್ಲೂ ದೊಡ್ಡೋರು ಎನಿಸಿಕೊಂಡವರು, ಪೆಟ್ಟಿಗೆ ಜೋಡಿಸಲು ಬಂದವನಿಗೆ ಹೇಳಿದ್ದರು: “ಎಲ್ಲರಿಗೂ ಎಲ್ಲಾ ತೆಗೆದಿಡಪ್ಪ. ಇಲ್ಲಿ ಬೇರೆಯವರು ಯಾರಿದ್ದಾರೆ? ಎಲ್ಲ ನಮ್ಮೋರೇ.” ಕೌಂಟರ್ ಅಕ್ಕನೂ ಹೌದೌದು ಎಂದು ತಲೆಯಾಡಿಸಿದ್ದಳು. ಅವನು ಪರದೆಯ ಮೇಲೆ ‘ಎಲ್ಲರೂ’ ಎಂಬ ಸಾಲಿನ ಮುಂದೆ ಒಂದು ಗುರುತು ಒತ್ತಿದ. ಸ್ಕ್ಯಾನರ್ ಓಡಿತು. ಆ ಗುರುತನ್ನು ಎಲ್ಲರೂ ಮರೆತರು.

ಈಗ ಕೌಂಟರ್ ಅಕ್ಕನ ತಲೆ ತುಂಬ ಬೇರೆಯೇ ಚಿಂತೆ. ಅವಳ ಬೆನ್ನಿಗೆ ಹುಟ್ಟಿದ ತಂಗಿ, ಮುರಿದ ಕೈ ಹಿಡಿದುಕೊಂಡು ಗಂಡನ ಮನೆಯಿಂದ ಹೊರಬಿದ್ದಿದ್ದಳು. ಮುರಿದದ್ದು ಮೆಟ್ಟಿಲಿಂದ ಜಾರಿ ಬಿದ್ದಲ್ಲ. ಡಾಕ್ಟರಮ್ಮನೇ ಪಟ್ಟಿ ಹಾಕಿದರು. ಊರಿನ ಆಚೆ ಕೊನೆಯಲ್ಲಿ, ಒಂದು ಬೇಕರಿಯ ಮೇಲಿನ ರೂಮಿನಲ್ಲಿ ಅವಳನ್ನು ಇರಿಸಿದ್ದಾಯಿತು. ಹತ್ತಿರದ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸವೂ ಸಿಕ್ಕಿತು. ಗಂಡ ಮಾತ್ರ ಹೇಳಿ ಕಳಿಸಿದ್ದ: “ಎಲ್ಲಿದ್ರೂ ಹುಡುಕ್ತೀನಿ. ಹುಡುಕಿದ ದಿನ ಇನ್ನೊಂದು ಕೈನೂ ಉಳಿಯಲ್ಲ.”

ಹೇಳಿ ಕಳಿಸಿದವನು ಸುಮ್ಮನೆ ಕೂರಲಿಲ್ಲ. ದಿನ ಬಿಟ್ಟು ದಿನ ಕ್ಲಿನಿಕ್ಕಿಗೆ ಬರತೊಡಗಿದ. ಇಸ್ತ್ರಿ ಮಾಡಿದ ಅಂಗಿ, ಬೆಣ್ಣೆಯಂಥ ಮಾತು. ಕೌಂಟರಿಗೆ ಮೊಣಕೈ ಊರಿ, “ಅತ್ತಿಗೆ, ಅವಳೆಲ್ಲಿದ್ದಾಳೆ ಅಂತ ಒಂದು ಮಾತು ಹೇಳಿಬಿಡಿ, ನನಗಷ್ಟೇ ಸಾಕು” ಅನ್ನುವನು. ಅಕ್ಕ “ಗೊತ್ತಿಲ್ಲ” ಅನ್ನುವಳು. ದೊಡ್ಡೋರು ಒಮ್ಮೆ ಎದ್ದು ಹೋಗು ಎಂದು ಗದರಿದ್ದಕ್ಕೆ, “ನನಗೂ ಸೊಂಟ ನೋವು ಸಾರ್, ಚೀಟಿ ಮಾಡಿಸಿದ್ದೀನಿ” ಎಂದು ಚೀಟಿ ಎತ್ತಿ ತೋರಿಸಿದ. ಸೊಂಟ ನೋವಿನವನು ಕಾಯುವ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತು ಫೋನ್ ನೋಡುತ್ತಿದ್ದ. ವೈಫೈ ಪಾಸ್‌ವರ್ಡು ಗಡಿಯಾರದ ಕೆಳಗೆ ದೊಡ್ಡ ಅಕ್ಷರದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿತ್ತು.

ಅವನು ಅಲ್ಲಿ ಕೂತಷ್ಟು ಹೊತ್ತೂ ಕೌಂಟರ್ ಅಕ್ಕನಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಆದರೂ ಒಂದು ಧೈರ್ಯವಿತ್ತು. ತನ್ನ ಬಾಯಿಂದ ಒಂದಕ್ಷರವೂ ಹೊರಡದು, ಇನ್ನು ಅವನಿಗೆ ಹೇಗೆ ತಿಳಿದೀತು?

ಅಂಥ ಒಂದು ಬೆಳಿಗ್ಗೆ ಸ್ಕ್ಯಾನರ್ ಮತ್ತೆ ಕೆಟ್ಟಿತು. ವೈರಕ್ಕನಿಗೆ ಫೋನ್ ಹೋಯಿತು. ವೈರಕ್ಕ ಎಂದರೆ ಕೌಂಟರ್ ಅಕ್ಕನ ಶಾಲೆಯ ಗೆಳತಿ. ಆ ಬೀದಿಯ ಅಂಗಡಿ, ಆಫೀಸುಗಳ ಕಂಪ್ಯೂಟರೆಲ್ಲ ಅವಳ ಕೈಯಲ್ಲೇ ರಿಪೇರಿ. ಹೆಗಲಲ್ಲಿ ಸದಾ ಒಂದು ಸುತ್ತು ವೈರು, ನಾಲಿಗೆಯಲ್ಲಿ ಸದಾ ಒಂದು ಚುಚ್ಚು ಮಾತು. ಆ ಸರ್ವರ್ ವಿಷಯಕ್ಕೆ ಇವರಿಬ್ಬರಿಗೂ ಮೊದಲೇ ಒಮ್ಮೆ ಜಟಾಪಟಿ ಆಗಿತ್ತು. ಯಾರು ಯಾವ ಫೈಲ್ ನೋಡಬಹುದು ಅಂತ ತೀರ್ಮಾನ ಮಾಡಿ ಹೇಳಿ, ನಾನು ಅದಕ್ಕೆ ಸರಿಯಾಗಿ ಅನುಮತಿ ಹಾಕಿಕೊಡುತ್ತೇನೆ ಎಂದು ವೈರಕ್ಕ ಎಷ್ಟು ಬಡಿದುಕೊಂಡರೂ ಇಲ್ಲಿ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

“ನರ್ಸಮ್ಮಂಗೆ ಇದು ಕಾಣಬಾರದು, ನನಗೆ ಅದು ಕಾಣಬಾರದು ಅಂದ್ರೆ ನಾವೇನು ಕಳ್ಳರಾ?” ಎಂದು ಕೌಂಟರ್ ಅಕ್ಕ ಅಂದು ಮುಖ ಊದಿಸಿಕೊಂಡಿದ್ದಳು.

“ನಿಮ್ಮನೆ ಬಚ್ಚಲಿಗೆ ಚಿಲಕ ಇದೆಯಲ್ಲ, ಮನೆಯವರೆಲ್ಲ ಕಳ್ಳರು ಅಂತ ಇಟ್ಟಿದ್ದೀಯಾ?” ಎಂದಿದ್ದಳು ವೈರಕ್ಕ.

ಇವತ್ತು ವೈರಕ್ಕ ಒಳಗೆ ಬರುವುದಕ್ಕೂ ತಂಗಿಯ ಗಂಡ ಬೆಂಚಿನಿಂದ ಎದ್ದು ಹೋಗುವುದಕ್ಕೂ ಸರಿಹೋಯಿತು. ಸೊಂಟ ನೋವೆಂದು ಬಂದವನು ಚೀಟಿಯ ಸರದಿಗೂ ಕಾಯದೆ, ಸರಸರ ಮೆಟ್ಟಿಲಿಳಿದು ಹೋದ. ಪೀಡೆ ತೊಲಗಿತೆಂದು ಅಕ್ಕ ನಿಟ್ಟುಸಿರು ಬಿಟ್ಟಳು.

ಒಳಗೆ ಕುರ್ಚಿ ಖಾಲಿ ಇರಲಿಲ್ಲವಾದ್ದರಿಂದ ವೈರಕ್ಕ ಅವನು ಬಿಟ್ಟೆದ್ದ ಜಾಗದಲ್ಲೇ ಕೂತಳು. ಸರ್ವರ್ ಎದ್ದಿದೆಯೋ ಮಲಗಿದೆಯೋ ನೋಡೋಣವೆಂದು ಫೋನ್ ತೆಗೆದಳು. ನೋಡುತ್ತ ನೋಡುತ್ತ ಅವಳ ಹುಬ್ಬು ಗಂಟಾಯಿತು.

“ಬಾ ಇಲ್ಲಿ, ನನ್ನ ಪಕ್ಕ ಕೂತ್ಕೋ,” ಅಂದಳು. “ಇದು ನನ್ನ ಸ್ವಂತ ಫೋನು. ಗೋಡೆ ಮೇಲಿರೋ ವೈಫೈ ಬಿಟ್ರೆ ನಿಮ್ಮ ಯಾವ ಪಾಸ್‌ವರ್ಡೂ ಇದರಲ್ಲಿಲ್ಲ. ಫೈಲ್ಸ್ ಒತ್ತಿದೆ, ನೆಟ್‌ವರ್ಕ್ ಒತ್ತಿದೆ. ನೋಡು ಏನು ಬಂತು.”

ಕ್ಲಿನಿಕ್ಕಿನ ಹೊಟ್ಟೆಯೊಳಗಿನದೆಲ್ಲ ಆ ಪುಟ್ಟ ಪರದೆಯ ಮೇಲೆ ಬಂದಿತ್ತು. ಸಂಬಳ. ರಕ್ತ ಪರೀಕ್ಷೆ. ವಿಮೆ. ಸ್ಕ್ಯಾನ್.

“ಸ್ಕ್ಯಾನ್ ತೆಗಿ,” ಅಂದಳು ಕೌಂಟರ್ ಅಕ್ಕ.

ತೆರೆಯಿತು. ಏನನ್ನೂ ಕೇಳಲಿಲ್ಲ, ಯಾರು ನೀನು ಅನ್ನಲಿಲ್ಲ. ಹೆಸರುಗಳ ಉದ್ದ ಸಾಲಿನಲ್ಲಿ ತಂಗಿಯ ಹೆಸರಿತ್ತು. ಮುಂದೆ ‘ಬಾಡಿಗೆ ಕರಾರು’ ಎಂದಿತ್ತು. ಕೈಗೆ ಆದ ಖರ್ಚು ವಿಮೆಯಿಂದ ಬರಲೆಂದು, ಹೊಸ ವಿಳಾಸಕ್ಕೆ ಪುರಾವೆಯಾಗಿ ಆ ಕಾಗದವನ್ನು ಸ್ಕ್ಯಾನ್ ಮಾಡಿದವಳು ಕೌಂಟರ್ ಅಕ್ಕನೇ. ಹುಡುಕಲು ಸುಲಭವಾಗಲಿ ಎಂದು ಅಚ್ಚುಕಟ್ಟಾಗಿ ಹೆಸರಿಟ್ಟವಳೂ ಅವಳೇ. ಮುಟ್ಟಿದರೆ ಬೀದಿ, ಬೇಕರಿ, ಮೇಲಿನ ಮಹಡಿ, ಎಲ್ಲ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು.

ಅಕ್ಕ ಎದ್ದು ನಿಂತಳು. ಇದೇ ಬೆಂಚು. ಇದೇ ವೈಫೈ. ಅಷ್ಟು ಹೊತ್ತು ಫೋನ್ ನೋಡುತ್ತಿದ್ದವನು ಈಗ ತಾನೇ ಸರಸರ ಇಳಿದು ಹೋಗಿದ್ದಾನೆ.

ತಂಗಿಗೆ ಫೋನ್ ಹಚ್ಚಿದಳು. ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದಳು. ಸರದಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು “ಏನಾಯ್ತಮ್ಮ?” ಎಂದರೆ ಅಕ್ಕ ಫೋನನ್ನು ಇನ್ನಷ್ಟು ಕಿವಿಗೊತ್ತಿಕೊಂಡಳು. ಮುರಿದ ಕೈಯ ಎಕ್ಸ್‌ರೇ ಕಣ್ಣ ಮುಂದೆ ಬಂತು. ದೇವರೇ, ಒಂದು ಸಲ ಎತ್ತಲಿ, ಬೈದಾದರೂ ಎತ್ತಲಿ.

ಕೊನೆಗೂ ಎತ್ತಿದಳು. “ಮಿಷಿನ್ ಸದ್ದಲ್ಲಿ ಕೇಳಿಸ್ಲಿಲ್ಲ ಅಕ್ಕ. ಯಾಕೆ?”

“ರೂಮಿಗೆ ಹೋಗಬೇಡ. ಅಂಗಡಿಯಿಂದ ಆಚೆ ಕಾಲಿಡಬೇಡ. ನಾವೇ ಬರ್ತೀವಿ.”

“ಅವರಿಗೆ ಗೊತ್ತಾಯ್ತಾ?”

“ಗೊತ್ತಿಲ್ಲ ಕಣೇ.”

“ಗೊತ್ತಿಲ್ಲ ಅಂದ್ರೆ?”

“ಬರ್ತೀವಿ, ಅಲ್ಲೇ ಇರು” ಎಂದು ಫೋನ್ ಇಟ್ಟು ಕೌಂಟರ್ ಅಕ್ಕ ಡಾಕ್ಟರಮ್ಮನ ಕೋಣೆಗೆ ಓಡಿದಳು.

ದೊಡ್ಡೋರಿಗೆ ವಿಷಯ ತಿಳಿದಾಗ ಅವರು ನಂಬಲಿಲ್ಲ. “ಅವನಿಗೆ ಇಷ್ಟೆಲ್ಲ ತಲೆ ಎಲ್ಲಿ ಓಡುತ್ತೆ? ಸುಮ್ನೆ ಗಾಬರಿ ಹುಟ್ಟಿಸಬೇಡಿ” ಅಂದರು.

“ತಲೆ ಓಡಬೇಕಾಗಿಲ್ಲ ಸಾರ್. ಬೇಜಾರಿಗೆ ಬೆರಳು ಓಡಿದ್ರೂ ಸಾಕು,” ಅಂದಳು ವೈರಕ್ಕ.

“ನೋಡಿದ್ದಾನೋ ಇಲ್ಲವೋ ಆ ಪೆಟ್ಟಿಗೇನೇ ಕೇಳಿದ್ರಾಯ್ತಲ್ಲ.”

“ಯಾರು ಬಂದ್ರು, ಏನು ತೆಗೆದ್ರು ಅಂತ ಗುರುತು ಇಟ್ಕೋ ಅಂತ ಅದಕ್ಕೆ ಯಾರೂ ಹೇಳಿಲ್ಲ. ಎಲ್ಲರೂ ಬರಬಹುದು ಅಂದ್ಮೇಲೆ ಬಂದವರು ಯಾರು ಅಂತ ಅದು ಯಾಕೆ ಕೇಳುತ್ತೆ?”

ಡಾಕ್ಟರಮ್ಮ ಅಷ್ಟರಲ್ಲಿ ಕಾರಿನ ಕೀಲಿ ತೆಗೆದುಕೊಂಡು, ಅಕ್ಕನನ್ನೂ ಹೊರಡಿಸಿಕೊಂಡು ಎದ್ದೇ ಬಿಟ್ಟರು. ತಂಗಿಯನ್ನು ಹೊಲಿಗೆ ಅಂಗಡಿಯ ಹಿಂಬಾಗಿಲಿಂದ ಕರೆದುಕೊಂಡು, ಮೊದಲು ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿಸಿ, ಆಮೇಲೆ ಬೇರೊಂದು ಕಡೆ ಬಿಟ್ಟು ಬಂದರು. ಬೇಕರಿಯ ಮೇಲಿನ ರೂಮಿನಲ್ಲಿ ಅವಳು ಆಗಷ್ಟೇ ಕಿಟಕಿಗೊಂದು ಪರದೆ ಹೊಲಿದು ಹಾಕಿದ್ದಳು. ದೀಪ ಆರಿಸಿ ಮಲಗುವ ಧೈರ್ಯ ಈಚೆಗೆ ಬಂದಿತ್ತು. ಅದನ್ನೆಲ್ಲ ಬಿಟ್ಟು ಹೋಗುವಾಗ ಅಕ್ಕನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅಕ್ಕನಿಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಮಾರನೇ ದಿನ ಕ್ಲಿನಿಕ್ಕಿಗೆ ರಜೆ ಹಾಕಿ ವೈರಕ್ಕನನ್ನು ಕೂರಿಸಿಕೊಂಡರು. ಅವಳು ಮೊದಲು ಮಾಡಿದ ಕೆಲಸ, ‘ಎಲ್ಲರೂ’ ಎಂಬ ಸಾಲಿನ ಮುಂದಿನ ಗುರುತು ಅಳಿಸಿದ್ದು. ಬೆಂಚಿನವರ ವೈಫೈಯನ್ನು ಬೇರೆ ಮಾಡಿ, ಆ ದಾರಿಯಿಂದ ಸರ್ವರಿನ ನೆರಳೂ ಕಾಣದ ಹಾಗೆ ಮಾಡಿದಳು. ಕೆಲಸದವರು ಒಬ್ಬೊಬ್ಬರಿಗೂ ಅವರದೇ ಹೆಸರು, ಅವರದೇ ಪಾಸ್‌ವರ್ಡು ಕೊಟ್ಟಳು. ಆಮೇಲೆ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ: “ನಿಮ್ಮ ಕೆಲಸಕ್ಕೆ ದಿನಾ ಏನು ಬೇಕು?”

“ನಾನು ಆಡಳಿತ ನೋಡೋನು, ನನಗೆ ಎಲ್ಲಾ ಬೇಕು,” ಅಂದರು ದೊಡ್ಡೋರು.

“ರೋಗಿಯ ರಕ್ತದ ವರದಿ ನೋಡಿ ನೀವೇನು ಔಷಧಿ ಬರೀತೀರಾ ಸಾರ್?”

ನರ್ಸಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ದೊಡ್ಡೋರು ಕೆಮ್ಮಿ, “ಲೆಕ್ಕ, ಸಂಬಳ ಇಷ್ಟು ಕೊಡಮ್ಮ ಸಾಕು” ಅಂದರು.

ನರ್ಸಮ್ಮನಿಗೆ ರಕ್ತ ಪರೀಕ್ಷೆಯ ವರದಿ ಓದಲು ಮಾತ್ರ ಅನುಮತಿ, ತಿದ್ದಲು, ಅಳಿಸಲು ಇಲ್ಲ. ಕೌಂಟರ್ ಅಕ್ಕ ಸ್ಕ್ಯಾನ್ ಮಾಡಿದ ಕಾಗದ ಪೆಟ್ಟಿಗೆಗೆ ಹಾಕಬಹುದು, ಒಮ್ಮೆ ಹಾಕಿದ್ದನ್ನು ತೆಗೆದು ನೋಡುವುದು ಡಾಕ್ಟರಮ್ಮ ಮಾತ್ರ. ಪೆಟ್ಟಿಗೆ ಕೂರಿಸಿದಾಗ ಹಾಕಿದ್ದ ಕಾಂಪೌಂಡರನ ಹೆಸರು, ಅವನು ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ, ಇನ್ನೂ ಸರ್ವರಿನಲ್ಲಿ ಜೀವಂತವಾಗಿತ್ತು. ಅವನನ್ನು ಜಗಳವಾಡಿ ಕಳಿಸಿದವರು ದೊಡ್ಡೋರೇ. “ಅವನದ್ದು ಮೊದಲು ತೆಗಿ” ಅಂದರು. ಇನ್ನು ಮುಂದೆ ಯಾರು ಯಾವ ಫೈಲ್ ತೆರೆದರೂ ಗುರುತು ಉಳಿಯುವಂತೆಯೂ ವೈರಕ್ಕ ಮಾಡಿದಳು.

ಕೊನೆಗೆ, “ಹಾಕಿಬಿಟ್ವಿ ಅಂತ ನಂಬಬೇಡಿ, ಕೂತು ನೋಡಿ” ಎಂದು ಎಲ್ಲರನ್ನೂ ಬೆಂಚಿಗೆ ಕರೆತಂದಳು. ಅವಳ ಫೋನಿನಲ್ಲಿ ಏನೂ ಕಾಣಲಿಲ್ಲ. ದೊಡ್ಡೋರು ತಮ್ಮ ಫೋನಿನಲ್ಲೂ ನೋಡಿದರು. ನಂಬಿಕೆ ಸಾಲದೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ಕೌಂಟರ್ ಅಕ್ಕ ತನ್ನ ಕಂಪ್ಯೂಟರಿಗೆ ಹೋಗಿ ತಂಗಿಯ ಫೈಲ್ ಒತ್ತಿದಳು. ‘ಅನುಮತಿ ಇಲ್ಲ’ ಎಂದು ಬಂತು. ಹಿಂದೆ ಈ ಮಾತಿಗೆ ಎಷ್ಟು ಸಿಡುಕಿದ್ದಳೋ, ಇವತ್ತು ಅಷ್ಟೇ ಹಗುರಾಯಿತು. ತನಗೇ ಕಾಣದ್ದು ತನ್ನ ಕೈಮೀರಿ ಇನ್ಯಾರಿಗೂ ಹೋಗದು ಎಂದುಕೊಂಡಳು.

ಆದರೂ ದೊಡ್ಡೋರ ಗೊಣಗಾಟ ಪೂರ್ತಿ ನಿಂತಿರಲಿಲ್ಲ. “ಎಲ್ಲ ಸರಿ, ಆ ಹುಡುಗಿನ ರೂಮು ಬಿಡಿಸೋ ಅಷ್ಟು ಆತುರ ಬೇಕಿತ್ತಾ? ಅವನು ನೋಡಿರಲಿಕ್ಕಿಲ್ಲ” ಎಂದು ಆಗಾಗ ಹೇಳುತ್ತಲೇ ಇದ್ದರು.

ಅವನು ಮತ್ತೆ ಬಂದ. ಅದೇ ಇಸ್ತ್ರಿ ಅಂಗಿ. ಈ ಸಲ ಸೊಂಟ ನೋವಿನ ಚೀಟಿ ಇರಲಿಲ್ಲ. ನೆಟ್ಟಗೆ ಕೌಂಟರಿಗೆ ಬಂದು, ಮೊಣಕೈ ಊರಿ, ಬೆಂಚಿನವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದ:

“ಬೇಕರಿ ಮೇಲಿನ ರೂಮಿಗೆ ಬೀಗ ಬಿದ್ದಿದೆಯಲ್ಲ ಅತ್ತಿಗೆ. ಯಾವಾಗ ಖಾಲಿ ಮಾಡಿದ್ಲು?”

ಅಕ್ಕನ ಬೆನ್ನ ಹಿಂದೆಯೇ ಲೆಕ್ಕದ ಮೇಜಿನಲ್ಲಿ ದೊಡ್ಡೋರು ತಲೆ ಎತ್ತಿದರು. ಅವರಿಗೂ ಕೇಳಿಸಿತ್ತು. ಅಂದು ರೂಮು ಬಿಡಿಸದೆ ಇದ್ದಿದ್ದರೆ, ಪರದೆ ಹೊಲಿದ ಆ ಕಿಟಕಿಯ ಹಿಂದೆ ಆ ಹುಡುಗಿ ಒಬ್ಬಳೇ ಇರುತ್ತಿದ್ದಳು. ಅವರು ಎದ್ದು ಒಳಕೋಣೆಗೆ ಹೋಗಿ ಠಾಣೆಗೆ ಫೋನ್ ಮಾಡಿದರು.

ಉತ್ತರ ಸಿಗದೆ ಅವನು ತನ್ನ ಹಳೆಯ ಜಾಗದಲ್ಲಿ ಕೂತು ಫೋನ್ ತೆಗೆದ. ಬೆರಳಾಡಿಸಿದ. ಮತ್ತೆ ಬೆರಳಾಡಿಸಿದ. ಫೋನನ್ನು ಮೇಲೆತ್ತಿ ಹಿಡಿದ.

“ಇಲ್ಲಿ ವೈಫೈ ಸರಿ ಇಲ್ವಾ?” ಅಂದ.

“ವೈಫೈ ಸರಿಯಾಗೇ ಇದೆ,” ಅಂದಳು ಕೌಂಟರ್ ಅಕ್ಕ. ಪೊಲೀಸರು ಮೆಟ್ಟಿಲು ಹತ್ತಿ ಬರುವವರೆಗೂ ಅವನು ಅಲ್ಲೇ ಕೂತು ಹುಡುಕುತ್ತಿದ್ದ.

ಇದನ್ನು ಓದುತ್ತಿರುವವರೇ, ನಿಮ್ಮದು ಆಸ್ಪತ್ರೆಯೋ, ಶಾಲೆಯೋ, ಸಂಘವೋ, ನಾಲ್ಕು ಜನ ಕೂತು ದುಡಿಯುವ ಸಣ್ಣ ಆಫೀಸೋ ಇರಬಹುದು. ಎಲ್ಲರ ಫೈಲುಗಳೂ ಒಂದೇ ಕಡೆ ಇದ್ದರೆ, ಯಾರಿಗೆ ಯಾವುದು ಬೇಕೋ ಅಷ್ಟಕ್ಕೇ ಅನುಮತಿ ಕೊಡಿ. ಕೆಲಸ ಬಿಟ್ಟು ಹೋದವರ ಹೆಸರನ್ನು ಅಂದೇ ತೆಗೆಸಿ. ಬಂದು ಹೋಗುವವರ ವೈಫೈ ಬೇರೆ ಇರಲಿ. ಇದು ನಿಮ್ಮವರ ಮೇಲಿನ ಅಪನಂಬಿಕೆ ಅಲ್ಲ. ನಿಮ್ಮನ್ನು ನಂಬಿ ವಿಳಾಸ ಕೊಟ್ಟವರ ಜೀವದ ಮಾತು. ತಿಳಿದವರು ಯಾರಾದರೂ ಬಂದು ಸರಿಮಾಡಲಿ ಎಂದು ಕಾಯುವ ಮುಂಚೆ, ಇವತ್ತೇ ಒಂದು ಕೆಲಸ ಮಾಡಿ. ಹೊರಗಿನವರು ಕಾಯುವ ಬೆಂಚಿನ ಮೇಲೆ ಕೂತು, ನಿಮ್ಮ ಫೋನ್ ತೆಗೆದು, ಏನೇನು ಕಾಣುತ್ತದೆ ನೋಡಿ. ಕಂಡರೆ, ನಿಮಗಿಂತ ಮೊದಲು ಆ ಬೆಂಚಿನ ಮೇಲೆ ಯಾರ್ಯಾರು ಕೂತಿದ್ದರು ಎಂದು ನೆನಪು ಮಾಡಿಕೊಳ್ಳಿ.