ಒಂದು ಸೀಡಿಯಷ್ಟು ಹಗುರ

ಗುಜರಿಗೆ ಹೋಗಬೇಕಾದ ಕಂಪ್ಯೂಟರುಗಳಿಗೆ ಮರುಜೀವ ಕೊಡುವುದೇ ಅಕ್ಕನ ಹುಚ್ಚು. ಅದಕ್ಕೆಂದೇ ಅವಳೂ ಅವಳ ಗೆಳೆಯರೂ ಸೇರಿ ಒಂದು ಹಗುರವಾದ ಆಪರೇಟಿಂಗ್ ಸಿಸ್ಟಮ್ ಕಟ್ಟಿದ್ದರು. ಕಾಸಿಲ್ಲ, ಗುಟ್ಟಿಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಒಂದು ಪಟ್ಟನ್ನು ಮಾತ್ರ ಸಡಿಲಿಸುತ್ತಿರಲಿಲ್ಲ: ಇಡೀ ಸಿಸ್ಟಮ್ ಒಂದೇ ಸೀಡಿಯಲ್ಲಿ ಹಿಡಿಸಬೇಕು. ಈಗ ಸೀಡಿ ಯಾರಿಗೆ ಬೇಕು ಎಂದು ಕೇಳಿದವರ ಮೇಲೆ ಅಕ್ಕ ಹರಿಹಾಯುತ್ತಿದ್ದಳು.

ತಮ್ಮನಿಗೆ ಹುಟ್ಟಿನಿಂದ ಕಣ್ಣಿಲ್ಲ. ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ದನಿಯೊಂದು ಆ ಸಿಸ್ಟಮ್‌ನಲ್ಲಿತ್ತು. ಅದರ ನೆರವಿನಿಂದಲೇ ಅವನು, ಆಸ್ಪತ್ರೆಯ ವೈದ್ಯರು ರೆಕಾರ್ಡ್ ಮಾಡಿ ಕಳಿಸಿದ ಮಾತುಗಳನ್ನು ಕೇಳಿ ಟೈಪ್ ಮಾಡಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದ. ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟವಳು ಅಕ್ಕನೇ.

ಹೊಸ ಆವೃತ್ತಿ ಸೀಡಿಗೆ ಹಿಡಿಸಲಿಲ್ಲ. ಯಾವುದಕ್ಕಾದರೂ ಕತ್ತರಿ ಬೀಳಲೇಬೇಕು, ಮತ್ತು ಎಲ್ಲಕ್ಕಿಂತ ದಪ್ಪಗಿದ್ದದ್ದು ಆ ದನಿ. ಗೆಳೆಯರು ಅದರ ಮೇಲೆ ಕಣ್ಣು ಹಾಕಿದಾಗ, ನನ್ನ ತಮ್ಮನಿಗೆ ಬೇಕು ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂತು. ಮನೆಯವರ ಪಕ್ಷ ವಹಿಸಿದಳು ಅನ್ನಿಸಿಕೊಳ್ಳಬಾರದಲ್ಲ, ನುಂಗಿಕೊಂಡಳು. ನ್ಯಾಯವಂತಳೆಂಬ ಹೆಸರಿನ ಆಸೆ ಕೆಟ್ಟದ್ದು. ದನಿ ಬೇಕೋ ಬೇಡವೋ ಬಳಸುವವರನ್ನೇ ಕೇಳೋಣವೆಂದು ಜಾಲತಾಣದಲ್ಲಿ ಮತಕ್ಕೆ ಹಾಕಿದಳು. ಎಲ್ಲರ ಹಾಗೆ ನೀನೂ ಮತ ಹಾಕು ಎಂದು ತಮ್ಮನಿಗೂ ಹೇಳಿದಳು.

ಬೇಕು ಎಂದು ಒಂದೇ ಒಂದು ಮತವೂ ಬೀಳಲಿಲ್ಲ. ತಮ್ಮನೇ ಉದಾಸೀನ ಮಾಡಿದ್ದಕ್ಕೆ ಅವಳಿಗೆ ಮೈಯೆಲ್ಲ ಉರಿಯಿತು. ಬೇರೇನೋ ದಾರಿ ಹುಡುಕಿಕೊಂಡಿರಬೇಕು ಎಂದುಕೊಂಡಳೇ ಹೊರತು ಕೇಳಲಿಲ್ಲ. ಸಿಟ್ಟಿನಲ್ಲೇ ದನಿಯನ್ನು ಕಿತ್ತುಹಾಕಿದಳು. ಸಿಸ್ಟಮ್ ಸೀಡಿಯಲ್ಲಿ ಹಿಡಿಸಿತು, ಜಗತ್ತಿನ ಮೂಲೆಮೂಲೆಯಿಂದ ಶಹಬ್ಬಾಸ್‌ಗಿರಿ ಬಂತು.

ಹೊಸ ಆವೃತ್ತಿ ತಾನಾಗಿಯೇ ಬಂದು ಕೂರುವಂತೆ ತಮ್ಮನ ಕಂಪ್ಯೂಟರಿನಲ್ಲಿ ಏರ್ಪಾಡು ಮಾಡಿದ್ದವಳೂ ಅವಳೇ. ಒಂದು ಬೆಳಿಗ್ಗೆ ಅದು ಎದ್ದಿತು, ಮಾತಾಡಲಿಲ್ಲ. ತಮ್ಮ ಅಕ್ಕನಿಗೆ ಫೋನ್ ಮಾಡಲಿಲ್ಲ. ಕೆಲಸ ಸಮಯಕ್ಕೆ ತಲುಪಲಿಲ್ಲ, ಆಸ್ಪತ್ರೆಯವರು ಅದನ್ನು ಬೇರೆಯವರಿಗೆ ಕೊಟ್ಟುಬಿಟ್ಟರು.

ಅಮ್ಮನಿಂದ ಸುದ್ದಿ ತಿಳಿದು ಅಕ್ಕ ಓಡಿ ಬಂದಳು. ತಮ್ಮ ಕೀಲಿಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದ. ತಪ್ಪು ತನ್ನದೆಂದು ಗೊತ್ತಿದ್ದೂ ಅವಳು ಅವನ ಮೇಲೇ ಎಗರಿಬಿದ್ದಳು.

"ಒಂದು ಮತ ಹಾಕೋಕೆ ಏನು ಧಾಡಿ ನಿನಗೆ? ನೀನೊಬ್ಬ ಹಾಕಿದ್ರೂ ಉಳಿಸ್ಕೊಳ್ತಿದ್ದೆ."

"ದಿನಾ ಹೋದೆ. ನೀವು ಯಂತ್ರ ಅಲ್ಲ, ಮನುಷ್ಯ ಅಂತ ತೋರಿಸಿ, ಚಿತ್ರದಲ್ಲಿರೋ ಅಕ್ಷರ ನೋಡಿ ಬರೀರಿ ಅಂತು."

ಕಳ್ಳಮತ ಬೀಳದಿರಲಿ ಎಂದು ಆ ಸೊಟ್ಟ ಅಕ್ಷರಗಳ ಚಿತ್ರವನ್ನು ಅವಳೇ ಕೂತು ಬರೆದು ಸೇರಿಸಿದ್ದಳು. ದನಿ ಬೇಕಾದವರು ಯಾರೂ ಅದನ್ನು ದಾಟಿ ಒಳಗೆ ಬರುವಂತಿರಲಿಲ್ಲ. ಅಕ್ಕ ಅಲ್ಲೇ ನೆಲದ ಮೇಲೆ ಕೂತಳು.

"ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದಳು ಕೊನೆಗೆ.

ತಮ್ಮ ಒರೆಸುವುದನ್ನು ನಿಲ್ಲಿಸಲಿಲ್ಲ.

"ದನಿ ಇಲ್ದೆ ನನಗಾಗಲ್ಲ ಅಂತ ನಿನಗೆ ಗೊತ್ತಿಲ್ದೆ ಇದ್ದಿದ್ರೆ ಹೇಳ್ತಿದ್ದೆ ಅಕ್ಕ."