ಲಾಭಕ್ಕೆ ಇಪ್ಪತ್ತು ಅಂಕ

ಕಾಲೇಜಿನ ಅಂಗಳದಲ್ಲಿ ವಿದ್ಯಾರ್ಥಿಗಳ ಮಾರಾಟ ಮೇಳ ನಡೆದಿತ್ತು. ವ್ಯವಹಾರ ನೀತಿ ಕಲಿಸುವ ಮೇಡಂ ಅವರೇ ಏರ್ಪಡಿಸಿದ್ದು. ಹುಡುಗರು ಪುಸ್ತಕ ಉರು ಹೊಡೆದರೆ ಸಾಲದು, ನಾಲ್ಕು ಜನರ ಮುಂದೆ ನಿಂತು ವ್ಯಾಪಾರ ಮಾಡಿ ಕಲಿಯಲಿ ಎಂಬುದು ಅವರ ಆಸೆ. ಬಾಗಿಲ ಬಳಿಯ ಕರಿಹಲಗೆಯ ಮೇಲೆ ಅವರದೇ ಕೈಬರಹ: ‘ಅತಿ ಹೆಚ್ಚು ಲಾಭ ಮಾಡಿದ ತಂಡಕ್ಕೆ ಇಪ್ಪತ್ತು ಅಂಕ.’

ಎಲ್ಲರಿಗಿಂತ ಜೋರು ವ್ಯಾಪಾರ ಸಾಹುಕಾರನದು. ಸಾಹುಕಾರ ಅಂದರೆ ಕೊನೆಯ ವರ್ಷದ ಹುಡುಗ. ‘ನಂಗೇನು ಸಿಗುತ್ತೆ’ ಎಂದು ಕೇಳದೆ ಒಂದು ಕಡ್ಡಿಯನ್ನೂ ಎತ್ತುವುದಿಲ್ಲವೆಂದು ಗೆಳೆಯರಿಟ್ಟ ಹೆಸರು. ಹಣ್ಣಿನ ರಸದ ಪುಟ್ಟ ಡಬ್ಬಿಗಳನ್ನು ಅರ್ಧ ಬೆಲೆಗೆ ಕೊಡುತ್ತಿದ್ದ. ಅಪ್ಪ ಅಮ್ಮನ ಜೊತೆ ಬಂದ ಚಿಕ್ಕ ಮಕ್ಕಳು ಮುಗಿಬಿದ್ದಿದ್ದವು.

ಮೇಡಂ ಒಂದು ಡಬ್ಬಿ ಎತ್ತಿಕೊಂಡರು. ಉಗುರುಬಣ್ಣ ಅಳಿಸುವ ದ್ರಾವಣದ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ತಾರೀಖು ಇರಬೇಕಾದಲ್ಲಿ ಉಜ್ಜಿದ ಕಲೆ, ಅದರ ಮೇಲೆ ಹೊಸ ಮುದ್ರೆ. ಮೇಜಿನ ಕೆಳಗೆ ಮಸಿ ಮೆತ್ತಿದ ಹತ್ತಿಯುಂಡೆಗಳು ಬಿದ್ದಿದ್ದವು.

“ಏನೋ ಇದು?”

“ಮೆತ್ತಗೆ ಮೇಡಂ,” ಎಂದ ಸಾಹುಕಾರ. “ಗೋದಾಮಿನವರು ಬಿಸಾಡೋಕೆ ಇಟ್ಟಿದ್ರು, ಪುಕ್ಕಟೆ ಸಿಕ್ತು. ತಾರೀಖು ದಾಟಿ ಸ್ವಲ್ಪ ದಿನ ಆಗಿದೆ ಅಷ್ಟೇ. ಯಾರೂ ಸಾಯಲ್ಲ ಬಿಡಿ.”

ಎಂಥಾ ಭಂಡಧೈರ್ಯ ನೋಡಿ!

“ನಾಚಿಕೆ ಆಗಲ್ವೇನೋ? ವರ್ಷವೆಲ್ಲ ನಾನು ಬಾಯಿ ಬಡ್ಕೊಂಡಿದ್ದು ಯಾರಿಗೆ, ಗೋಡೆಗಾ?”

“ಬಾಯಲ್ಲಿ ನೀತಿ ಹೇಳಿದ್ರಿ ಮೇಡಂ, ಇಲ್ಲ ಅನ್ನಲ್ಲ. ಅಂಕ ಮಾತ್ರ ಲಾಭಕ್ಕೆ ಇಟ್ರಿ. ನಿಯತ್ತಿಗೆ ಎಷ್ಟು ಅಂಕ ಅಂತ ಎಲ್ಲಾದ್ರೂ ಬರ್ದಿದ್ದೀರಾ?”

ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಕೆನ್ನೆಗೆರಡು ಬಾರಿಸಬೇಕು ಅನ್ನಿಸಿತು. ಹುಡುಗ ಹೇಳಿದ್ದು ಸುಳ್ಳಾಗಿದ್ದರೆ ಬಾರಿಸಿಯೂ ಬಿಡುತ್ತಿದ್ದರೇನೋ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ! ಆ ಗಾದೆ ತನಗೇ ಹೇಳಿ ಮಾಡಿಸಿದಂತಿದೆಯಲ್ಲ ಎಂದು ಅವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು.

“ಅಣ್ಣಾ!” ಎಂದು ಕೂಗುತ್ತ ಆರೇಳು ವರ್ಷದ ಹುಡುಗಿಯೊಬ್ಬಳು ಓಡಿ ಬಂದಳು. ಸಾಹುಕಾರನ ತಂಗಿ. ಯಾರನ್ನೂ ಕೇಳದೆ ಡಬ್ಬಿಯೊಂದನ್ನು ತೆಗೆದು, ಕೊಳವೆ ಚುಚ್ಚಿ ಬಾಯಿಗಿಟ್ಟಳು.

“ಏ, ಬೇಡ! ಕುಡೀಬೇಡ!” ಸಾಹುಕಾರ ಮೇಜಿನ ಮೇಲಿಂದಲೇ ಎರಗಿ ಅದನ್ನು ಕಿತ್ತುಕೊಂಡ. ರಸವೆಲ್ಲ ಅವಳ ಅಂಗಿಯ ಮೇಲೆ ಚೆಲ್ಲಿತು.

ಹುಡುಗಿ ಗೊಳೋ ಎಂದು ಅತ್ತಳು. “ಎಲ್ರಿಗೂ ಕೊಡ್ತಿದ್ದೀಯ, ನಂಗ್ಯಾಕೆ ಕೊಡಲ್ಲ?”

ಅವಳ ಪಕ್ಕದಲ್ಲೇ ಇನ್ನೂ ಚಿಕ್ಕ ಹುಡುಗನೊಬ್ಬ ಅದೇ ಡಬ್ಬಿಯನ್ನು ಚೀಪುತ್ತ ಇವರನ್ನೇ ನೋಡುತ್ತಿದ್ದ. ಸಾಹುಕಾರ ಅವನ ಮುಂದೆ ಮಂಡಿಯೂರಿ ಕೂತ.

“ಪುಟ್ಟಾ, ಅದು ಚೆನ್ನಾಗಿಲ್ಲ, ಕೊಟ್ಬಿಡು.” ಆಮೇಲೆ ಎದ್ದು ನಿಂತು ಕೂಗಿದ: “ಯಾರೂ ಕುಡೀಬೇಡಿ! ಹಳೇ ಮಾಲು. ತಾರೀಖು ನಾನೇ ಅಳಿಸಿದ್ದು!”

ಜನ ರೊಚ್ಚಿಗೆದ್ದರು. ಒಬ್ಬ ತಂದೆ ಅವನ ಕೊರಳಪಟ್ಟಿ ಹಿಡಿದು, “ನನ್ನ ಮಗುಗೆ ಏನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ!” ಎಂದು ಗುಡುಗಿದ.

ಮೇಡಂ ನೆಟ್ಟಗೆ ಕರಿಹಲಗೆಯತ್ತ ನಡೆದರು. ತಮ್ಮ ಅಕ್ಷರಗಳನ್ನು ಬರಿಗೈಯಲ್ಲಿ ಉಜ್ಜಿ ಅಳಿಸಿದರು. ಸೀಮೆಸುಣ್ಣ ಮೆತ್ತಿದ ಕೈಯಲ್ಲೇ ಜನರನ್ನು ಸರಿಸಿಕೊಂಡು ಬಂದು ಸಾಹುಕಾರನ ಪಕ್ಕದಲ್ಲಿ ನಿಂತರು.

“ಮಕ್ಕಳನ್ನ ಮೊದಲು ಡಾಕ್ಟರ ಹತ್ರ ತೋರಿಸೋಣ, ನಾನೂ ಬರ್ತೀನಿ,” ಎಂದರು. “ಇವನ ತಪ್ಪು ಇವನದು. ಆದ್ರೆ ಅಂಕ ಇಟ್ಟವಳು ನಾನು. ಬೈಯೋದಾದ್ರೆ ನನ್ನನ್ನೂ ಸೇರಿಸಿ ಬೈಯಿರಿ.”